ಟೋಕಿಯೋದಿಂದ ಕ್ಯೋಟೋಗೆ... ಪ್ಯಾಸೆಂಜರ್ ಗಾಡಿಯಲ್ಲಿ!

ಕಂಡಕ್ಟರ್ ಒಬ್ಬರು ಜಪಾನ್ ಗೆದ್ದ ಕಥೆ ನಿಮಗೆಲ್ಲ ಗೊತ್ತೇ ಇದೆ. ಬೆಂಗಳೂರಿನ ಬಿ.ಟಿ.ಎಸ್. ಬಸ್ಸಿನಲ್ಲಿ ಸೀಟಿ ಊದಿ ಟಿಕೆಟ್ ಹರಿಯುತ್ತಿದ್ದ ಶಿವಾಜಿರಾವ್ ಮುಂದೆ ರಜನೀಕಾಂತ್ ಆದರು. ಅವರ ‘ಮುತ್ತು’ ಚಿತ್ರ 1998ರಲ್ಲಿ ‘ಕುಣಿಯುವ ಮಹಾರಾಜ’ ಎಂಬರ್ಥದ ಹೆಸರು ಹೊತ್ತು ಟೋಕಿಯೋಗೆ ಹೋಯಿತು. ಶಿಬುಯಾ ಬಡಾವಣೆಯ ‘ಸಿನಿಮಾ ರೈಸ್’ ಎಂಬ ಒಂದೇ ಚಿತ್ರಮಂದಿರದಲ್ಲಿ 23 ವಾರ ಓಡಿತು! ಭಾರತೀಯ ಚಿತ್ರಗಳ ಪೈಕಿ ಅಲ್ಲಿನ ಗಲ್ಲಾಪೆಟ್ಟಿಗೆಯಲ್ಲಿ ಅದನ್ನು ಹಿಂದೆ ಹಾಕಲು 2022ರಲ್ಲಿ ‘ಆರ್.ಆರ್.ಆರ್.’ ಬರಬೇಕಾಯಿತು. ನಮ್ಮ ‘ಕೆ.ಜಿ.ಎಫ್.’ನ ಎರಡೂ ಭಾಗ 2023ರ ಜುಲೈ 14ರಂದು ಒಟ್ಟಿಗೇ ಜಪಾನಿನಲ್ಲಿ ತೆರೆಕಂಡವು.

ಸರಿ ಸ್ವಾಮಿ, ರಾಕಿಭಾಯ್ ಹೋದ, ಮಹಾರಾಜ ಹೋದ. ಜೇಬಿನಲ್ಲಿ ಚಿಲ್ಲರೆ ಎಣಿಸಿಕೊಂಡು ಓಡಾಡುವ ನಮ್ಮಂಥವರು ಹೋದರೆ ಏನು ಗತಿ? ‘ಜಪಾನ್ ಅಂದ್ರೆ ದುಬಾರಿ’ ಅಂತ ಎಲ್ಲರೂ ಹೆದರಿಸುತ್ತಾರೆ. ವಿಮಾನದ ಟಿಕೆಟ್ಟು ದುಬಾರಿಯೇ, ಅದರಲ್ಲಿ ಸುಳ್ಳಿಲ್ಲ. ಆದರೆ ಇಳಿದ ಮೇಲೆ ನಿಮ್ಮನ್ನು ಉಳಿಸುವುದೂ ಮುಳುಗಿಸುವುದೂ ಒಂದೇ ಸಂಗತಿ: ನೀವು ಯಾವ ಗಾಡಿ ಹತ್ತುತ್ತೀರಿ ಅನ್ನೋದು. ಆರು ದಿನ ನಾನು ಅಲ್ಲಿ ಓಡಾಡಿದೆ. ಒಮ್ಮೆಯೂ ಟ್ಯಾಕ್ಸಿ ಹತ್ತಲಿಲ್ಲ. ಲೋಕಪ್ರಸಿದ್ಧ ಬುಲೆಟ್ ರೈಲನ್ನೂ ಹತ್ತಲಿಲ್ಲ! ಆದರೂ ನೋಡಬೇಕೆಂದುಕೊಂಡಿದ್ದನ್ನೆಲ್ಲ ನೋಡಿದೆ. ಅದು ಹೇಗೆ ಅನ್ನೋದೇ ಈ ಕಥೆ.

ನಿಲ್ದಾಣದ ಮುಂದೆ ನಿಂತ ನಾಯಕ

ಟೋಕಿಯೋದ ನರಿತಾ ವಿಮಾನ ನಿಲ್ದಾಣ ಊರಿನಿಂದ 60 ಕಿಲೋಮೀಟರ್ ದೂರ. ಅಲ್ಲಿಂದ ‘ಸ್ಕೈಲೈನರ್’ ಎಂಬ ಠೀವಿಯ ರೈಲು ಮುಕ್ಕಾಲು ಗಂಟೆಯೊಳಗೆ ಊರು ಮುಟ್ಟಿಸುತ್ತದೆ. ಅದೇ ಕೆಯ್‌ಸೆಯ್ ಕಂಪನಿಯ ಸಾದಾ ರೈಲು ಅರ್ಧ ಗಂಟೆ ಹೆಚ್ಚು ತಗೊಳ್ಳುತ್ತದೆ, ಆದರೆ ಅರ್ಧಕ್ಕಿಂತ ಕಡಿಮೆ ದುಡ್ಡು, ಸುಮಾರು ಸಾವಿರ ಯೆನ್. ಒಂದು ಯೆನ್ ಅಂದರೆ ನಮ್ಮ ಅರ್ಧ ರೂಪಾಯಿಗಿಂತ ತುಸು ಮೇಲೆ ಅಂತ ಲೆಕ್ಕ ಇಟ್ಟುಕೊಳ್ಳಿ. ನಾನು ಹತ್ತಿದ್ದು ಸಾದಾ ರೈಲು. ದುಡ್ಡಿಗಾಗಿ ಮಾತ್ರ ಅಲ್ಲ. ಆ ದಾರಿಯಲ್ಲಿ ತಕಾಸಾಗೋ ಎಂಬಲ್ಲಿ ಇಳಿದು, ಇನ್ನೊಂದು ಪುಟ್ಟ ರೈಲಿನಲ್ಲಿ ಒಂದೇ ಒಂದು ಸ್ಟೇಷನ್ ಹೋದರೆ ಸಿಗುತ್ತದೆ ಶಿಬಾಮಾತಾ. ಬರೀ ಮೂರು ನಿಲ್ದಾಣಗಳ ಮರಿ ಮಾರ್ಗ ಅದು.

ಶಿಬಾಮಾತಾ ಯಾಕೆ ಅಂತೀರಾ? ಅದು ‘ತೋರಾಸಾನ್’ ಊರು ಕಣ್ರೀ! ನಿರ್ದೇಶಕ ಯೋಜಿ ಯಮಾದಾ 1969ರಲ್ಲಿ ಶುರು ಮಾಡಿದ ಚಿತ್ರಮಾಲೆಯ ನಾಯಕ ಈ ತೋರಾಸಾನ್. ನಟ ಕಿಯೋಶಿ ಅತ್ಸುಮಿ ಒಬ್ಬರೇ 1995ರವರೆಗೆ 48 ಚಿತ್ರಗಳಲ್ಲಿ ಇದೇ ಒಂದು ಪಾತ್ರ ಮಾಡಿದರು. ಈ ನಾಯಕನಿಗೆ ಕುದುರೆ ಇಲ್ಲ, ಕಾರಿಲ್ಲ. ಊರೂರು ಸುತ್ತಿ ಜಾತ್ರೆಯಲ್ಲಿ ಸಾಮಾನು ಮಾರುವ ಅಲೆಮಾರಿ. ಪ್ರತಿ ಚಿತ್ರದಲ್ಲೂ ಊರಿಗೆ ಬರುತ್ತಾನೆ, ಒಬ್ಬ ಚೆಲುವೆಗೆ ಮನಸ್ಸು ಕೊಡುತ್ತಾನೆ, ಪ್ರೀತಿ ಕೈಗೂಡುವುದಿಲ್ಲ, ಪೆಟ್ಟಿಗೆ ಎತ್ತಿಕೊಂಡು ಮತ್ತೆ ರೈಲು ಹತ್ತುತ್ತಾನೆ.

ನಿಲ್ದಾಣದ ಮುಂದೆಯೇ ಅವನ ಕಂಚಿನ ಪ್ರತಿಮೆ ಇದೆ. ಹ್ಯಾಟು, ಕೈಯಲ್ಲಿ ಪೆಟ್ಟಿಗೆ. ಹೊರಟವನು ಹಿಂತಿರುಗಿ ನೋಡುತ್ತಿದ್ದಾನೆ. ಅವನು ನೋಡುವ ದಿಕ್ಕಿಗೆ 2017ರಲ್ಲಿ ತಂಗಿ ಸಾಕುರಾಳ ಪ್ರತಿಮೆಯನ್ನೂ ಇಟ್ಟಿದ್ದಾರೆ. ನನ್ನ ಹೆಗಲಿಗೂ ಬ್ಯಾಗು, ಕೈಗೂ ಪೆಟ್ಟಿಗೆ. ಪ್ರತಿಮೆಯ ಪಕ್ಕ ನಿಂತಾಗ ಅಲ್ಲಿದ್ದ ಒಬ್ಬ ಅಜ್ಜ ನನ್ನ ಪೆಟ್ಟಿಗೆ ನೋಡಿ, ತೋರಾಸಾನ್ ಪೆಟ್ಟಿಗೆ ನೋಡಿ, ನಕ್ಕೇ ನಕ್ಕರು. ಭಾಷೆ ಬೇಕಾಗಲಿಲ್ಲ.

ಅಕ್ಷರ ಬರದಿದ್ದರೂ ಅಂಕಿ ಬರುತ್ತಲ್ಲ!

ನನಗೆ ಮಲಗಲು ಜಾಗ ಕೊಟ್ಟವನು ತುಮಕೂರಿನ ಗೆಳೆಯ. ಕಂಪ್ಯೂಟರ್ ಕೆಲಸಕ್ಕೆ ಹೋದವನು. ಅವನಿದ್ದದ್ದು ನಿಶಿ-ಕಸಾಯ್ ಎಂಬಲ್ಲಿ. ಟೋಕಿಯೋದಲ್ಲಿ ನಮ್ಮ ದೇಶದವರು ಹೆಚ್ಚಾಗಿ ನೆಲೆಸಿರುವ ಬಡಾವಣೆ. ಬೀದಿಯಲ್ಲಿ ಒಗ್ಗರಣೆ ವಾಸನೆಯೂ ಸಿಗುತ್ತದೆ. ಮೊದಲ ಸಂಜೆಯೇ ಅವನು ನನಗೆ ಪಾಠ ಮಾಡಿದ:

“ಲೋ, ಹೆಸರು ನೆನಪಿಟ್ಕೊಳಕ್ಕೆ ಹೋಗ್ಬೇಡ, ತಲೆ ಕೆಡುತ್ತೆ. ನಂಬರ್ ನೆನಪಿಟ್ಕೋ. ನಮ್ಮನೆ ಸ್ಟೇಷನ್ ಟಿ 16. ಎಲ್ಲಿ ಕಳೆದುಹೋದ್ರೂ ಟಿ 16 ಅಂತ ತೋರಿಸು, ಮನೆಗೆ ತಂದು ಬಿಡ್ತಾರೆ.”

ಇದೇ ಮೊದಲ ಗುಟ್ಟು. ಟೋಕಿಯೋದಲ್ಲಿ ನೆಲದಡಿ ಓಡುವ ಸುರಂಗ ರೈಲು ಮಾರ್ಗಗಳು 13. ಒಂಬತ್ತು ಒಂದು ಕಂಪನಿಯವು, ನಾಲ್ಕು ನಗರಾಡಳಿತದವು. ಪ್ರತಿ ಮಾರ್ಗಕ್ಕೂ ಒಂದು ಬಣ್ಣ, ಒಂದು ಅಕ್ಷರ. ಪ್ರತಿ ನಿಲ್ದಾಣಕ್ಕೂ ಒಂದು ಅಂಕಿ. ಗಿಂಜಾ ಮಾರ್ಗ ಅಂದರೆ ಕಿತ್ತಳೆ ಬಣ್ಣ, ‘ಜಿ’ ಅಕ್ಷರ. ಶಿಬುಯಾ ಜಿ 01, ಅಸಾಕುಸಾ ಜಿ 19. ನೀವು ಜಿ 05ರಲ್ಲಿ ಇದ್ದೀರಿ, ಮುಂದಿನದು ಜಿ 06 ಬಂತು ಅಂದರೆ ದಾರಿ ಸರಿ. ಜಿ 04 ಬಂತು ಅಂದರೆ ಇಳಿದು ಎದುರಿನ ಗಾಡಿ ಹತ್ತಿ, ಅಷ್ಟೇ! ಅಂದ ಹಾಗೆ ಈ ಗಿಂಜಾ ಮಾರ್ಗವೇ ಏಷ್ಯಾದ ಮೊಟ್ಟಮೊದಲ ಸುರಂಗ ರೈಲು. 1927ರ ಡಿಸೆಂಬರ್‌ನಲ್ಲಿ ಅಸಾಕುಸಾದಿಂದ ಉಯೆನೋವರೆಗೆ, ಬರೀ 2.2 ಕಿಲೋಮೀಟರ್ ಓಡಿತ್ತು.

ಎರಡನೇ ಗುಟ್ಟು ಟಿಕೆಟ್ಟಿನದು. ಪ್ರವಾಸಿಗಳಿಗೆ ಈ 13 ಮಾರ್ಗಗಳಿಗೆ 24, 48, 72 ಗಂಟೆಗಳ ಟಿಕೆಟ್ ಇದೆ. ದಿನಗಳಲ್ಲ, ಗಂಟೆಗಳು! ಸೋಮವಾರ ಬೆಳಗ್ಗೆ 10ಕ್ಕೆ ಮೊದಲ ಗೇಟು ದಾಟಿದರೆ 72 ಗಂಟೆಯದು ಗುರುವಾರ ಬೆಳಗ್ಗೆ 10ರವರೆಗೂ ನಡೆಯುತ್ತದೆ. ಇದು ಬೇರೆ ಕಂಪನಿಗಳ ರೈಲಿಗೆ ನಡೆಯೋದಿಲ್ಲ. ಅಲ್ಲಿನ ಸರ್ಕಾರಿ ರೈಲ್ವೆಯನ್ನು 1987ರಲ್ಲಿ ಒಡೆದು ‘ಜೆ.ಆರ್.’ ಹೆಸರಿನ ಹಲವು ಕಂಪನಿ ಮಾಡಿದರು. ಅವಲ್ಲದೆ ಹತ್ತಾರು ಖಾಸಗಿ ಕಂಪನಿಗಳೂ ಇವೆ. ಅವುಗಳಿಗೆಲ್ಲ ‘ಸುಯಿಕಾ’ ಅಥವಾ ‘ಪಾಸ್ಮೋ’ ಎಂಬ ಕಾರ್ಡು. ದುಡ್ಡು ತುಂಬಿಸಿ, ಗೇಟಿಗೆ ‘ಟಪ್’ ಅಂತ ತಾಗಿಸಿ, ಹೋಗ್ತಾ ಇರಿ. ಬಸ್ಸಿಗೂ ಅದೇ, ರಸ್ತೆ ಬದಿಯ ತಂಪು ಪಾನೀಯದ ಯಂತ್ರಕ್ಕೂ ಅದೇ.

ಕಾರ್ಡಿನಲ್ಲಿ ದುಡ್ಡು ಸಾಲದೆ ಹೋದರೆ? ಇಳಿದ ಕಡೆ ಗೇಟು ಮುಚ್ಚಿಕೊಳ್ಳುತ್ತದೆ. ಟೀಸಿ ಬಂದು ಕೊರಳಪಟ್ಟಿ ಹಿಡಿಯೋದಿಲ್ಲ, ದಂಡ ಇಲ್ಲ. ಪಕ್ಕದಲ್ಲೇ ಒಂದು ಯಂತ್ರ ಇರುತ್ತದೆ. ಬಾಕಿ ಎಷ್ಟು ಅಂತ ಅದೇ ಹೇಳುತ್ತದೆ. ಅಷ್ಟು ಹಾಕಿ ಹೊರಗೆ ಬನ್ನಿ. ಬಡವನ ಮಾನ ಉಳಿಸುವ ಯಂತ್ರ ಅಂತ ನಾನು ಅದಕ್ಕೆ ಹೆಸರಿಟ್ಟೆ.

ಚಿತ್ರರಸಿಕನ ಟೋಕಿಯೋ

ನೆಲದ ಮೇಲೆ ಊರನ್ನು ಸುತ್ತುವ ಹಸಿರು ರೈಲು ‘ಯಮನೋತೆ’. 34.5 ಕಿಲೋಮೀಟರಿನ ಸುತ್ತು, 30 ನಿಲ್ದಾಣ, ಸುಮಾರು ಒಂದು ಗಂಟೆ. ಇದನ್ನೇ ಒಂದು ಸಿನಿಮಾ ಟೂರ್ ಅಂತ ಮಾಡಿಕೊಳ್ಳಬಹುದು. ಶಿನಾಗಾವಾ ಬಂತೇ? 1954ರ ಮೊದಲ ‘ಗಾಡ್ಜಿಲ್ಲಾ’ ಚಿತ್ರದಲ್ಲಿ ಆ ದೈತ್ಯ ರೈಲು ಬೋಗಿಯನ್ನು ಬಾಯಲ್ಲಿ ಕಚ್ಚಿ ಎತ್ತಿದ್ದು ಇದೇ ಜಾಗದಲ್ಲಿ. ಶಿಬುಯಾದಲ್ಲಿ ಇಳಿದರೆ ಹಾಚಿಕೋ ನಾಯಿಯ ಪ್ರತಿಮೆ. ಯಜಮಾನ ಪ್ರೊಫೆಸರ್ 1925ರಲ್ಲಿ ತೀರಿಕೊಂಡರೂ, 1935ರಲ್ಲಿ ತಾನು ಸಾಯುವವರೆಗೂ ಇದೇ ನಿಲ್ದಾಣಕ್ಕೆ ಬಂದು ಕಾದ ನಾಯಿ! 1987ರಲ್ಲಿ ಅದರ ಮೇಲೆ ಬಂದ ಚಿತ್ರ ಜಪಾನನ್ನು ಅಳಿಸಿತು. ‘ಮುತ್ತು’ ಓಡಿದ ಚಿತ್ರಮಂದಿರ ಇದ್ದದ್ದೂ ಇಲ್ಲೇ. 2016ರಲ್ಲಿ ಅದು ಮುಚ್ಚಿತು. ಆದರೂ ಆ ಬೀದಿ ಹುಡುಕಿ ಹೋಗಿ, ಕಟ್ಟಡದ ಮುಂದೆ ಎರಡು ನಿಮಿಷ ನಿಂತೆ. ನಮ್ಮೂರಿನ ಕಂಡಕ್ಟರ್ ಸಾಹೇಬರ ಚಿತ್ರಕ್ಕೆ 23 ವಾರ ಇಲ್ಲಿ ಜನ ಟಿಕೆಟ್ ಕೊಂಡಿದ್ದರಲ್ಲ!

ಇನ್ನು ಶಿಂಜುಕು. ಇಡೀ ಜಗತ್ತಿನಲ್ಲೇ ಅತಿ ಹೆಚ್ಚು ಜನ ಬಳಸುವ ನಿಲ್ದಾಣ ಅಂತ ಗಿನ್ನೆಸ್ ದಾಖಲೆ. ಹೊರಗೆ ಹೋಗುವ ಬಾಗಿಲುಗಳೇ 200ಕ್ಕೂ ಹೆಚ್ಚು! ಇಲ್ಲಿ ನಿಲ್ದಾಣದ ಹೆಸರು ಗೊತ್ತಿದ್ದರೆ ಸಾಲದು, ಯಾವ ಬಾಗಿಲು ಅನ್ನೋದೂ ಗೊತ್ತಿರಬೇಕು. ಪೂರ್ವದ ಬಾಗಿಲಿನಿಂದ ನಡೆದರೆ, ಚಿತ್ರಮಂದಿರಗಳಿರುವ ಕಟ್ಟಡದ ಮೇಲಿಂದ ಗಾಡ್ಜಿಲ್ಲಾ ತಲೆ ಇಣುಕುತ್ತದೆ.

ಯುವ ಮಿತ್ರರಿಗೆ ಇಲ್ಲಿ ಒಂದು ಎಚ್ಚರಿಕೆಯ ಮಾತು. ಬೆಳಗಿನ ನೂಕುನುಗ್ಗಲಿನ ಹೊತ್ತಿನಲ್ಲಿ ಕೆಲವು ಬೋಗಿಗಳು ಹೆಂಗಸರಿಗೆ ಮಾತ್ರ. ಪ್ಲಾಟ್‌ಫಾರಂ ನೆಲದ ಮೇಲೆ ಗುಲಾಬಿ ಬಣ್ಣದ ಗುರುತು ಇರುತ್ತದೆ. ಕಿಕ್ಕಿರಿದ ರೈಲಿನಲ್ಲಿ ಹೆಣ್ಣುಮಕ್ಕಳಿಗೆ ಪುಂಡರ ಕಾಟ ಎಷ್ಟಿತ್ತೆಂದರೆ ಈ ವ್ಯವಸ್ಥೆ ಮಾಡಲೇಬೇಕಾಯಿತು. ಶಿಸ್ತಿನ ದೇಶದ ಇನ್ನೊಂದು ಮುಖ ಇದು. ಆ ಗುರುತು ಕಂಡರೆ ಪಕ್ಕದ ಬೋಗಿಗೆ ನಡೆಯಿರಿ. ಬೆನ್ನಿನ ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ. ರೈಲಿನೊಳಗೆ ಫೋನಿನಲ್ಲಿ ಮಾತು ಬೇಡ. ಅಷ್ಟು ಜನ ಇದ್ದರೂ ಬೋಗಿಯಲ್ಲಿ ಗಾಳಿ ಯಂತ್ರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೊದಲ ದಿನ ನನಗೆ ಯಾರೋ ತೀರಿಕೊಂಡ ಮನೆಗೆ ಬಂದ ಹಾಗಾಗಿತ್ತು!

ಕ್ಲೈಮ್ಯಾಕ್ಸೋ? ಕೊನೆ ರೈಲೋ?

ಇಷ್ಟು ರೈಲುಗಳಿರುವ ಊರು ರಾತ್ರಿಯಿಡೀ ಓಡುತ್ತೆ ಅಂತ ನೀವು ತಿಳಿದಿದ್ದರೆ ಕೆಟ್ಟಿರಿ. ಮಧ್ಯರಾತ್ರಿ ದಾಟುತ್ತಿದ್ದಂತೆ ಒಂದೊಂದೇ ಮಾರ್ಗ ಕಣ್ಣು ಮುಚ್ಚುತ್ತದೆ. ಮತ್ತೆ ತೆರೆಯೋದು ಬೆಳಗಿನ ಜಾವ ಐದರ ಸುಮಾರಿಗೆ. ನಡುವೆ ಸಿಕ್ಕಿಕೊಂಡವನಿಗೆ ಟ್ಯಾಕ್ಸಿಯೇ ಗತಿ. ಅದಕ್ಕೂ ರಾತ್ರಿ ಹತ್ತರ ಮೇಲೆ ದರ ಶೇಕಡಾ 20 ಹೆಚ್ಚು.

ಮೂರನೇ ರಾತ್ರಿ ಶಿಂಜುಕುವಿನಲ್ಲಿ ಕೊನೆ ಆಟಕ್ಕೆ ಹೊರಟೆ. ಗೆಳೆಯ ಬಾಗಿಲಲ್ಲೇ ನಿಲ್ಲಿಸಿದ:

“ನೋಡು ಗುರು, ಹನ್ನೊಂದೂವರೆಗೆ ಎದ್ದು ಬಂದ್ಬಿಡು. ಕ್ಲೈಮ್ಯಾಕ್ಸ್ ನಡೀತಿದ್ರೂ ಸರಿ, ಎದ್ದು ಬಂದ್ಬಿಡು. ಅಲ್ಲಿಂದ ಇಲ್ಲಿಗೆ ಟ್ಯಾಕ್ಸಿ ಅಂದ್ರೆ ಏಳೆಂಟು ಸಾವಿರ ಯೆನ್. ನಿನ್ನ ಕ್ಯೋಟೋ ದುಡ್ಡು ಅಲ್ಲೇ ಖಲಾಸ್.”

ಅದು ಪತ್ತೇದಾರಿ ಚಿತ್ರ. ಮಾತು ಅರ್ಥವಾಗದಿದ್ದರೂ ಕೊಲೆಗಾರ ಯಾರು ಅನ್ನುವ ಕುತೂಹಲ ಯಾವ ಭಾಷೆಯಲ್ಲಾದರೂ ಒಂದೇ. ಸರಿಯಾಗಿ ಹನ್ನೊಂದೂ ಇಪ್ಪತ್ತೆಂಟಕ್ಕೆ ಪತ್ತೇದಾರ ಎಲ್ಲರನ್ನೂ ಒಂದು ಕೋಣೆಗೆ ಕರೆದ. ಬೆರಳು ಎತ್ತಿದ... ನಾನು ಎದ್ದೆ! ಜೀವಮಾನದಲ್ಲಿ ಯಾವ ಚಿತ್ರಕ್ಕೂ ನಾನು ಹೀಗೆ ಮಾಡಿದವನಲ್ಲ. ಇಡೀ ಚಿತ್ರಮಂದಿರದಲ್ಲಿ ಎದ್ದವನು ನಾನೊಬ್ಬನೇ. ಆ ಜನ ಕೊನೆಯ ಹೆಸರುಗಳು ಪೂರ್ತಿ ಮುಗಿದು ದೀಪ ಹತ್ತುವವರೆಗೂ ಅಲುಗಾಡೋದಿಲ್ಲ.

ಎಸ್ ಮಾರ್ಗದಲ್ಲಿ ಹತ್ತಿ, ಕುದಾನ್‌ಶಿತಾದಲ್ಲಿ ಇಳಿದು, ಟಿ ಮಾರ್ಗಕ್ಕೆ ಬದಲಾಯಿಸಬೇಕು. ಅಲ್ಲಿ ಕಂಡ ನೋಟವನ್ನು ಯಾವ ಚಿತ್ರದಲ್ಲೂ ನೋಡಿರಲಿಲ್ಲ. ಕೋಟು ಟೈ ಹಾಕಿದ ನಡುವಯಸ್ಸಿನವರು ಮೆಟ್ಟಿಲು ಹಾರಿ ಹಾರಿ ಓಡುತ್ತಿದ್ದಾರೆ. ಕೆಲವರು ಕುಡಿದಿದ್ದಾರೆ, ಬಹುಪಾಲು ಜನ ಆಗತಾನೆ ಕೆಲಸ ಮುಗಿಸಿದ್ದಾರೆ. ಹನ್ನೆರಡು ಗಂಟೆ ರಾತ್ರಿಗೆ! ಬೆಂಚಿನ ಮೇಲೆ ಒಬ್ಬ ನನ್ನ ವಯಸ್ಸಿನ ಹುಡುಗ, ಬ್ರೀಫ್‌ಕೇಸ್ ಅಪ್ಪಿಕೊಂಡು ಕೂತಲ್ಲೇ ನಿದ್ದೆ. ನಿಲ್ದಾಣದ ಸಿಬ್ಬಂದಿಯೊಬ್ಬರು ಬಂದು ಬಗ್ಗಿ, ಭುಜ ಮುಟ್ಟಿ, ಮಗುವನ್ನು ಎಬ್ಬಿಸುವ ಹಾಗೆ ಎಬ್ಬಿಸಿದರು. ಹುಡುಗ ದಡಬಡಿಸಿ ಎದ್ದು ತಲೆ ಬಾಗಿಸಿದ, ಸಿಬ್ಬಂದಿಯೂ ತಲೆ ಬಾಗಿಸಿದರು. ಕೊನೆ ರೈಲು ಹೇಳಿದ ನಿಮಿಷಕ್ಕೆ ಬಂತು. ಹತ್ತಿದೆ. ಕ್ಯೋಟೋ ದುಡ್ಡು ಉಳಿಯಿತು. ಕೊಲೆಗಾರ ಯಾರು ಅನ್ನೋದು ಇವತ್ತಿಗೂ ನನಗೆ ಗೊತ್ತಿಲ್ಲ!

ಹದಿನೆಂಟರ ಹರೆಯದ ಟಿಕೆಟ್

ಈಗ ನಿಜವಾದ ಲೆಕ್ಕಕ್ಕೆ ಬರೋಣ. ಟೋಕಿಯೋದಿಂದ ಕ್ಯೋಟೋಗೆ ಬುಲೆಟ್ ರೈಲು ಶಿಂಕಾನ್ಸೆನ್‌ನಲ್ಲಿ ಎರಡು ಗಂಟೆ ಕಾಲು. ಒಂದು ಕಡೆಗೆ ಸುಮಾರು 14,000 ಯೆನ್. ಪ್ರವಾಸಿಗಳ ಏಳು ದಿನದ ಜೆ.ಆರ್. ಪಾಸ್ ಹಿಂದೆ 29,650 ಯೆನ್ ಇದ್ದದ್ದು 2023ರ ಅಕ್ಟೋಬರಿನಲ್ಲಿ ಒಂದೇ ಏಟಿಗೆ 50,000ಕ್ಕೆ ಏರಿತು. ಆರು ದಿನಕ್ಕೆ ಹೋದವನಿಗೆ ಅದು ಆನೆ ಕೊಂಡ ಹಾಗೆ.

ಆದರೆ ಜಪಾನಿನ ಕಾಲೇಜು ಹುಡುಗರಿಗೆ ಗೊತ್ತಿರುವ ಇನ್ನೊಂದು ಟಿಕೆಟ್ ಇದೆ: ‘ಸೆಯ್‌ಶುನ್ 18’. ‘ಹರೆಯ 18’ ಅಂತ ಅರ್ಥ. 1982ರಲ್ಲಿ ಶುರುವಾಯಿತು. ಹೆಸರಿನಲ್ಲಿ 18 ಇದ್ದರೂ ವಯಸ್ಸಿನ ಕಟ್ಟುಪಾಡಿಲ್ಲ. ತಲೆ ನರೆತವರೂ ಕೊಳ್ಳಬಹುದು. ಶಾಲೆ ಕಾಲೇಜಿನ ರಜಾ ಕಾಲದಲ್ಲಿ ಮಾತ್ರ ಸಿಗುತ್ತದೆ. 2024ರ ಚಳಿಗಾಲದಲ್ಲಿ ಹೊಸ ನಿಯಮ ಬಂದಾಗ ಸತತ ಮೂರು ದಿನಕ್ಕೆ 10,000 ಯೆನ್, ಐದು ದಿನಕ್ಕೆ 12,050 ಯೆನ್ ಎಂದು ಬೆಲೆ ಇಟ್ಟರು. ಇಡೀ ದೇಶದ ಜೆ.ಆರ್. ರೈಲುಗಳಲ್ಲಿ ಎಷ್ಟು ಬೇಕಾದರೂ ಸುತ್ತಿ. ಒಂದೇ ಷರತ್ತು: ಪ್ಯಾಸೆಂಜರ್ ಗಾಡಿ ಮಾತ್ರ. ಬುಲೆಟ್ ರೈಲಿನ ಮೆಟ್ಟಿಲೂ ಮುಟ್ಟುವ ಹಾಗಿಲ್ಲ.

ಮಾರ್ಚ್ ಕೊನೆ. ಮೂರು ದಿನದ್ದನ್ನು ಕೊಂಡೆ. ಹೋಗಲು ಒಂದು ದಿನ, ಅಲ್ಲಿ ಒಂದು ದಿನ, ಬರಲು ಒಂದು ದಿನ. ಬುಲೆಟ್ ರೈಲಿನ ಒಂದು ಕಡೆಯ ದುಡ್ಡಿಗಿಂತಲೂ ಕಡಿಮೆ!

ಹೊರಡುವ ಮುಂಚೆ ಆಸೆ ತಡೆಯದೆ ಟೋಕಿಯೋ ನಿಲ್ದಾಣದಲ್ಲಿ ಪ್ಲಾಟ್‌ಫಾರಂ ಟಿಕೆಟ್ ಕೊಂಡು ಬುಲೆಟ್ ರೈಲನ್ನು ಕಣ್ತುಂಬ ನೋಡಿದೆ. 1964ರ ಅಕ್ಟೋಬರ್ 1ರಂದು, ಟೋಕಿಯೋ ಒಲಿಂಪಿಕ್ಸ್ ಶುರುವಾಗುವ ಒಂಬತ್ತು ದಿನ ಮುಂಚೆ, ಗಂಟೆಗೆ 210 ಕಿಲೋಮೀಟರ್ ವೇಗದಲ್ಲಿ ಲೋಕವನ್ನು ಬೆರಗುಗೊಳಿಸಿದ ರೈಲಿನ ವಂಶ ಇದು. ಬಂದು ನಿಂತ ಗಾಡಿಗೆ ಗುಲಾಬಿ ಪೊರಕೆ ಹಿಡಿದ ತಂಡ ನುಗ್ಗಿ, ಏಳೇ ನಿಮಿಷದಲ್ಲಿ ಇಡೀ ಬೋಗಿ ಗುಡಿಸಿ ಒರೆಸಿ ಸೀಟು ತಿರುಗಿಸಿ, ಹೊರಗೆ ಬಂದು ಸಾಲಾಗಿ ನಿಂತು ಪ್ರಯಾಣಿಕರಿಗೆ ತಲೆ ಬಾಗಿಸಿತು. ಶಿಳ್ಳೆ ಹಾಕಬೇಕು ಅನ್ನಿಸಿತು. ಹಾಕಲಿಲ್ಲ.

ಈ ರೈಲಿನ ಮೇಲೆ 1975ರಲ್ಲಿ ಜುನ್ಯಾ ಸಾತೋ ನಿರ್ದೇಶನದಲ್ಲಿ ಒಂದು ಭರ್ಜರಿ ಚಿತ್ರ ಬಂತು. ವೇಗ 80 ಕಿಲೋಮೀಟರಿಗಿಂತ ಇಳಿದರೆ ಬಾಂಬು ಸಿಡಿಯುತ್ತದೆ! ಕೆನ್ ತಕಾಕುರಾ ಬಾಂಬಿಟ್ಟವನು, ಸೋನಿ ಚಿಬಾ ರೈಲು ಚಾಲಕ. 1994ರ ಹಾಲಿವುಡ್ಡಿನ ‘ಸ್ಪೀಡ್’ ನೋಡಿದವರಿಗೆ ಈ ಎಳೆ ಪರಿಚಿತ. ಆಗಿನ ಸರ್ಕಾರಿ ರೈಲ್ವೆ ಚಿತ್ರೀಕರಣಕ್ಕೆ ಸಹಕಾರ ಕೊಡಲು ಒಪ್ಪಲೇ ಇಲ್ಲ. 50 ವರ್ಷಗಳ ನಂತರ 2025ರಲ್ಲಿ ಅದೇ ಕಥೆಯನ್ನು ಹೊಸದಾಗಿ ಮಾಡಿದಾಗ ರೈಲು ಕಂಪನಿಯೇ ಮುಂದೆ ಬಂದು ಸಹಾಯ ಮಾಡಿತು. ಕಾಲ ಬದಲಾಯಿತು ನೋಡಿ!

ಕುರೋಸಾವಾ ಸೇತುವೆ

ಪ್ಯಾಸೆಂಜರ್ ಗಾಡಿಯಲ್ಲಿ ಕ್ಯೋಟೋ ಅಂದರೆ ಒಂಬತ್ತು ಗಂಟೆ. ಅತಾಮಿ, ಹಮಾಮಾತ್ಸು, ತೊಯೋಹಾಶಿ, ಓಗಾಕಿ, ಮಾಯ್‌ಬಾರಾ ಅಂತ ಗಾಡಿ ಬದಲಿಸುತ್ತಾ ಹೋಗಬೇಕು. ಐದು ನಿಮಿಷದಲ್ಲಿ ಇಳಿದು ಎದುರಿನ ಗಾಡಿ ಹತ್ತಬೇಕು. ಐದು ನಿಮಿಷ ಅಂದರೆ ಐದೇ ನಿಮಿಷ. ಮೊದಲ ಬದಲಾವಣೆಗೆ ಎದೆ ಡವಡವ. ಮೂರನೆಯದಕ್ಕೆ ಧೈರ್ಯ. ಐದನೆಯದಕ್ಕೆ ಕಾಫಿ ಕೊಂಡು ಹತ್ತುವಷ್ಟು ಪೊಗರು!

ಟೋಕಿಯೋ ಬಿಟ್ಟು ಒಂದು ಗಂಟೆ ಕಳೆದ ಮೇಲೆ, ಒದಾವಾರಾಕ್ಕೆ ಸ್ವಲ್ಪ ಮುಂಚೆ, ಸಾಕಾವಾ ನದಿಯ ಸೇತುವೆ ಬಂತು. ನಾನು ಕಿಟಕಿಗೆ ಮುಖ ಒತ್ತಿ ಕೂತೆ. ಕುರೋಸಾವಾ ಅವರ 1963ರ ‘ಸ್ವರ್ಗ ಮತ್ತು ನರಕ’ ಚಿತ್ರ ನೋಡಿದ್ದೀರಾ? ಇಂಗ್ಲಿಷ್‌ನಲ್ಲಿ ‘ಹೈ ಅಂಡ್ ಲೋ’ ಎಂದು ಹೆಸರು. ಮಗುವನ್ನು ಅಪಹರಿಸಿದ ದುಷ್ಟ, ಓಡುವ ‘ಕೊದಾಮಾ’ ರೈಲಿಗೆ ಫೋನ್ ಮಾಡುತ್ತಾನೆ. ಹಣದ ಪೆಟ್ಟಿಗೆ ಏಳು ಸೆಂಟಿಮೀಟರಿಗಿಂತ ದಪ್ಪ ಇರಬಾರದು ಅಂತ ಮೊದಲೇ ಹೇಳಿರುತ್ತಾನೆ. ಯಾಕೆಂದರೆ ಆ ರೈಲಿನ ಶೌಚಾಲಯದ ಕಿಟಕಿ ತೆರೆಯುವುದೇ ಅಷ್ಟು! ಸೇತುವೆ ಬಂದಾಗ ಹಣ ಹೊರಗೆ ಎಸೆಯಬೇಕು. ಆ ಸೇತುವೆಯ ನದಿ ಇದೇ, ಹಳಿಯ ದಾರಿಯೂ ಇದೇ. ಬುಲೆಟ್ ರೈಲು ಬರುವ ಮುಂಚೆ ಕೊದಾಮಾ ಓಡಿದ್ದು ಈ ಹಳೆಯ ಹಳಿಯ ಮೇಲೆ. 14,000 ಯೆನ್ ಕೊಟ್ಟವರಿಗೆ ಇದು ಸಿಗೋದಿಲ್ಲ ಸ್ವಾಮಿ, ಅವರ ಹಳಿಯೇ ಬೇರೆ.

ಮುಂದೆ ಬಲಗಡೆ ಫ್ಯೂಜಿ ಪರ್ವತ. ಒಳಗೆ ಶಾಲಾ ಮಕ್ಕಳು, ತರಕಾರಿ ಚೀಲದ ಅಜ್ಜಿಯರು, ಬೇಸ್‌ಬಾಲ್ ಬ್ಯಾಟು ಹಿಡಿದ ಹುಡುಗರು. ಪ್ರತಿ ನಿಲ್ದಾಣದಲ್ಲೂ ಜನ ಬದಲು. ಬುಲೆಟ್ ರೈಲು ಪಕ್ಕದಲ್ಲಿ ‘ಸುಂಯ್’ ಅಂತ ಹೋದಾಗ ಅದರಲ್ಲಿ ಯಾರ ಮುಖವೂ ಕಾಣಲಿಲ್ಲ.

ಕ್ಯೋಟೋದಲ್ಲಿ ಬಸ್ಸು ಹತ್ತುವುದು ಹಿಂದಿನ ಬಾಗಿಲಿಂದ, ಇಳಿಯುವುದು ಮುಂದಿನ ಬಾಗಿಲಿಂದ. ದುಡ್ಡು ಕೊಡುವುದು ಇಳಿಯುವಾಗ, ಚಾಲಕನ ಪಕ್ಕದ ಡಬ್ಬಿಗೆ. ಕಂಡಕ್ಟರ್ ಇಲ್ಲ. ಡಬ್ಬಿ ಚಿಲ್ಲರೆ ವಾಪಸ್ ಕೊಡೋದಿಲ್ಲ. ಪಕ್ಕದ ಯಂತ್ರದಲ್ಲಿ ಮೊದಲೇ ನಾಣ್ಯ ಮಾಡಿಸಿಕೊಳ್ಳಬೇಕು. ಬಸ್ಸುಗಳು ಪ್ರವಾಸಿಗಳಿಂದ ತುಂಬಿ ಊರಿನವರಿಗೇ ಜಾಗ ಸಿಗದಂತಾಗಿ, 2023ರ ಸೆಪ್ಟೆಂಬರಿಗೆ ಬಸ್ಸಿನ ಒಂದು ದಿನದ ಪಾಸ್ ಮಾರಾಟ ನಿಲ್ಲಿಸಿದರು. ಸುರಂಗ ರೈಲೂ ಬಸ್ಸೂ ಸೇರಿದ ಪಾಸ್ ಉಳಿಸಿಕೊಂಡರು. ನಾನು ಬಸ್ಸು ಬಿಟ್ಟು ‘ರಾಂದೆನ್’ ಎಂಬ ಒಂದೇ ಬೋಗಿಯ ಟ್ರಾಮು ಹತ್ತಿದೆ. 1910ರಿಂದ ಓಡುತ್ತಿದೆ. ಎಲ್ಲಿಗೆ ಹೋದರೂ ಒಂದೇ ದರ. ನಡುರಸ್ತೆಯಲ್ಲಿ ಕಾರುಗಳ ಜೊತೆ ಸಿಗ್ನಲ್ಲಿಗೆ ಕಾಯುತ್ತಾ, ಹಳೆ ದೇವಾಲಯದ ಹೆಬ್ಬಾಗಿಲ ಮುಂದೆ ಹಾದು, ಉಜುಮಾಸಾ ಮುಟ್ಟಿಸಿತು. ಅದೇ ಜಪಾನಿನ ಗಾಂಧಿನಗರ! 1951ರಲ್ಲಿ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಗೆದ್ದ ‘ರಾಶೋಮಾನ್’ ತಯಾರಿಸಿದ ದಾಯ್‌ಯೆ ಸಂಸ್ಥೆಯ ಸ್ಟುಡಿಯೋ ಇದ್ದದ್ದು ಇಲ್ಲೇ. ಆ ಹೆಸರಿನ ಅಂಗಡಿ ಬೀದಿ ಇನ್ನೂ ಇದೆ. ತೋಯೆ ಸಂಸ್ಥೆ 1975ರಲ್ಲಿ ತೆರೆದ ಸಿನಿಮಾ ಹಳ್ಳಿಯೂ ಇಲ್ಲಿದೆ.

ಒಂದು ನಿಮಿಷ ಇಪ್ಪತ್ತು ಸೆಕೆಂಡು

ಇಷ್ಟು ಹೊತ್ತು ಹೊಗಳಿದ್ದಾಯಿತು. ಈಗ ಹೇಳಲೇಬೇಕಾದ ಇನ್ನೊಂದು ಮಾತಿದೆ.

ಅಲ್ಲಿ ರೈಲು ಐದು ನಿಮಿಷ ತಡವಾದರೆ ಪ್ರಯಾಣಿಕರಿಗೆ ಚೀಟಿ ಕೊಡುತ್ತಾರೆ, ಆಫೀಸಿನಲ್ಲಿ ತೋರಿಸಲು. 2017ರ ನವೆಂಬರಿನಲ್ಲಿ ಟೋಕಿಯೋ ಬಳಿ ಒಂದು ರೈಲು 20 ಸೆಕೆಂಡು ಮುಂಚೆ ಹೊರಟಿದ್ದಕ್ಕೆ ಕಂಪನಿ ಕ್ಷಮೆ ಕೇಳಿತು. ಲೋಕವೆಲ್ಲ ಬೆರಗಾಗಿ ನಕ್ಕಿತು. ನಾನೂ ನಕ್ಕಿದ್ದೆ.

ಕ್ಯೋಟೋದಿಂದ ಅದೇ ಟಿಕೆಟ್ಟಿನಲ್ಲಿ ಅಮಾಗಾಸಾಕಿಗೆ ಹೋಗಿ, ಅಲ್ಲಿಂದ ಇನ್ನೊಂದು ಮಾರ್ಗದಲ್ಲಿ ಇತಾಮಿಗೆ ಹೋಗಿ ತಿರುಗಿ ಬಂದೆ. ಆ ಮಾರ್ಗದಲ್ಲಿ, 2005ರ ಏಪ್ರಿಲ್ 25ರ ಬೆಳಗ್ಗೆ, 23 ವರ್ಷದ ಒಬ್ಬ ಚಾಲಕ ಇತಾಮಿಯಲ್ಲಿ ನಿಲ್ಲಬೇಕಾದ ಜಾಗ ದಾಟಿ 70 ಮೀಟರಿಗೂ ಹೆಚ್ಚು ಮುಂದೆ ಹೋಗಿಬಿಟ್ಟಿದ್ದ. ಹಿಂದಕ್ಕೆ ತಂದು ಹೊರಡುವಾಗ ತಡವಾಗಿದ್ದು ಒಂದು ನಿಮಿಷ ಇಪ್ಪತ್ತು ಸೆಕೆಂಡು. ಬರೀ ಅಷ್ಟು! ಅಲ್ಲಿ ತಪ್ಪು ಮಾಡಿದ ಚಾಲಕರನ್ನು ಗಾಡಿಯಿಂದ ಇಳಿಸಿ, ದಿನಗಟ್ಟಲೆ ವರದಿ ಬರೆಸಿ, ಬೈದು, ಕಳೆ ಕೀಳಿಸುವಂಥ ‘ತರಬೇತಿ’ ಇತ್ತು. ಅವನು ಹಿಂದಿನ ವರ್ಷ 13 ದಿನ ಅದನ್ನು ಅನುಭವಿಸಿದ್ದ. 70ರ ವೇಗದಲ್ಲಿ ಹೋಗಬೇಕಾದ ತಿರುವಿಗೆ 116ರಲ್ಲಿ ಬಂದ. ರೈಲು ಹಳಿ ತಪ್ಪಿ ಪಕ್ಕದ ವಸತಿ ಕಟ್ಟಡಕ್ಕೆ ನುಗ್ಗಿತು. 106 ಪ್ರಯಾಣಿಕರು ಸತ್ತರು. ಅವನೂ ಸತ್ತ. 562 ಜನ ಗಾಯಗೊಂಡರು. ಆ ತರಬೇತಿಯ ಭಯ ಅವನ ಗಮನವನ್ನು ಕಸಿದಿರಬಹುದೆಂದು 2007ರ ತನಿಖಾ ವರದಿ ಹೇಳಿತು.

ವಾಪಸ್ ಬರುವಾಗ ನನ್ನ ರೈಲು ಆ ತಿರುವಿನಲ್ಲಿ ನಿಧಾನವಾಯಿತು. ಎಡಗಡೆ ಕಿಟಕಿಯಲ್ಲಿ ಆ ಕಟ್ಟಡದ ಉಳಿಸಿಕೊಂಡ ಭಾಗ, ಅದರ ಮೇಲೊಂದು ದೊಡ್ಡ ಚಾವಣಿ. 2018ರಲ್ಲಿ ಅದನ್ನು ಸ್ಮಾರಕ ಮಾಡಿದ್ದಾರೆ. ಬೋಗಿಯಲ್ಲಿ ಕೆಲವರು ಫೋನಿನಿಂದ ತಲೆ ಎತ್ತಿ ನೋಡಿದರು, ಮತ್ತೆ ತಗ್ಗಿಸಿದರು. ಐದು ನಿಮಿಷದಲ್ಲಿ ಗಾಡಿ ಬದಲಿಸಿ ಪೊಗರು ತೋರಿಸಿದ ನನ್ನಂಥವನ ಸುಖಕ್ಕೆ ಯಾರೋ ಒಬ್ಬರು ಸೆಕೆಂಡು ಎಣಿಸುತ್ತಾ ಕೂತಿರುತ್ತಾರೆ. ಗಡಿಯಾರದ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಮಿತ್ರರೇ. ಜಪಾನಿನ ರೈಲನ್ನು ಹೊಗಳುವವರು ಅವನನ್ನೂ ನೋಡಬೇಕು.

ಕೆನ್ ತಕಾಕುರಾ 1999ರ ‘ಪೊಪ್ಪೋಯಾ’ ಚಿತ್ರದಲ್ಲಿ ಮಾಡಿದ್ದು ಅಂಥ ಮನುಷ್ಯನ ಪಾತ್ರವನ್ನೇ. ಹಿಮದ ನಾಡಿನ ಒಂದು ಪುಟ್ಟ ನಿಲ್ದಾಣದ ಸ್ಟೇಷನ್ ಮಾಸ್ಟರ್. ಮಗಳು ಸತ್ತ ದಿನವೂ ಬಾವುಟ ಹಿಡಿದು ನಿಂತವನು. ಚಿತ್ರೀಕರಣ ನಡೆದ ಇಕುತೋರಾ ನಿಲ್ದಾಣಕ್ಕೆ 2016ರಿಂದಲೇ ರೈಲು ಇಲ್ಲ. ಜನ ಸಾಲದೆ 2024ರ ಏಪ್ರಿಲ್‌ನಲ್ಲಿ ಆ ಮಾರ್ಗವನ್ನೇ ಮುಚ್ಚಿದರು. ಊರುಗಳಲ್ಲಿ ಪ್ಯಾಸೆಂಜರ್ ಗಾಡಿ ಹೀಗೆ ಒಂದೊಂದಾಗಿ ಕಡಿಮೆಯಾಗುತ್ತಿದೆ. ಹೋಗುವವರು ಬೇಗ ಹೋಗಿ.

ಹೋದರೆ ಒಂದು ಕೆಲಸ ಮಾಡಿ. ಮೊದಲ ಬೋಗಿ ಹತ್ತಿ, ಚಾಲಕನ ಹಿಂದಿನ ಗಾಜಿನ ಹತ್ತಿರ ನಿಲ್ಲಿ. ಕ್ಯೋಟೋದಿಂದ ಮರಳುವಾಗ ನಾನು ತೊಯೋಹಾಶಿಯಿಂದ ಹಮಾಮಾತ್ಸುವರೆಗೆ ಹಾಗೆ ನಿಂತೇ ಬಂದೆ. ಚಾಲಕನ ಮುಂದೆ ಒಂದು ಗುಂಡಿಯಲ್ಲಿ ಅವನ ಜೇಬುಗಡಿಯಾರ ಕೂತಿರುತ್ತದೆ. ಬಿಳಿ ಕೈಗವಸಿನ ಬೆರಳನ್ನು ಸಿಗ್ನಲ್ಲಿನ ಕಡೆ ತೋರಿಸಿ “ಶುಪ್ಪಾತ್ಸು ಶಿಂಕೋ!” ಅಂತ ತನಗೆ ತಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಾನೆ. ಸಿಗ್ನಲ್ ಸರಿಯಿದೆ, ಹೊರಡೋಣ ಅಂತ. ಯಾರೂ ಕೇಳದಿದ್ದರೂ ಹೇಳುತ್ತಾನೆ. ನನ್ನ ಪಕ್ಕದಲ್ಲಿ ನಾಲ್ಕೈದು ವರ್ಷದ ಒಂದು ಹುಡುಗ, ಗಾಜಿಗೆ ಮೂಗು ಒತ್ತಿ, ತನ್ನ ಪುಟ್ಟ ಬೆರಳು ಚಾಚಿ, ಅದನ್ನೇ ಹೇಳುತ್ತಿದ್ದ. ಕುರೋಸಾವಾ ಅವರ 1970ರ ‘ದೊದೆಸ್ಕಾದೆನ್’ ಚಿತ್ರದಲ್ಲಿ ಇಲ್ಲದ ಟ್ರಾಮನ್ನು ಓಡಿಸುವ ಹುಡುಗ ನೆನಪಾದ. ಆ ಹೆಸರೇ ಟ್ರಾಮಿನ ಸದ್ದು.

ಹಮಾಮಾತ್ಸುವಿನಲ್ಲಿ ಗಾಡಿ ಗೆರೆಗೆ ಸರಿಯಾಗಿ ನಿಂತಿತು. ಚಾಲಕ ಗಡಿಯಾರ ಎತ್ತಿ ಜೇಬಿಗೆ ಹಾಕಿ, ಬಾಗಿಲು ತೆಗೆದು ಹೊರಗೆ ಬಂದ. ಹುಡುಗನನ್ನು ನೋಡಿದ. ಗಂಭೀರವಾಗಿ ಟೋಪಿಗೆ ಕೈ ಹಚ್ಚಿ ಒಂದು ಸಲ್ಯೂಟ್ ಹೊಡೆದ. ಅದರಲ್ಲಿ ಅರ್ಧ ನನಗೆ ಅಂತಲೇ ನಾನು ಇಟ್ಟುಕೊಂಡಿದ್ದೇನೆ.